ಏಳದ ಎರಡು ಕೈಗಳು

ತೆರೆಯ ನಡುವೆ ಆ ಸಣ್ಣ ಬಿಳಿ ಚಕ್ರ ಮತ್ತೆ ಸುತ್ತತೊಡಗಿತು.

“ನೋಡಿದ್ಯಾ? ಅಲ್ಲೇ. ದಿನಾ ಅಲ್ಲೇ ನಿಲ್ಲುತ್ತೆ,” ಎಂದಳು ಉರ್ಕುಯಾ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಲು ಮುರಿದ ಕುರಿಯನ್ನು ದನದ ಡಾಕ್ಟರಿಗೆ ತೋರಿಸುವವರ ದನಿಯಲ್ಲಿ ಹೇಳಿದಳು.

ಇನ್ಸ್‌ಪೆಕ್ಟರ್ ಮೆದೆರ್ ಶಾರ್ಶೆನೋವ್ ಮೇಜಿನ ಕೆಳಗಿನಿಂದ ತಲೆ ಹೊರಗೆ ಹಾಕಿದ. ಮೈ ಭಾರ, ಮೊಣಕಾಲು ನೋವು, ಕೂದಲಿಗೆ ಮೆತ್ತಿದ ಜೇಡರ ಬಲೆ. ತಾನು ಕೊಲೆಯ ತನಿಖೆಗೆ ಬಂದವನೋ ಕಂಪ್ಯೂಟರ್ ರಿಪೇರಿಗೆ ಬಂದವನೋ ಎಂಬುದು ಅವನಿಗೇ ಮರೆತುಹೋಗುವಂತಿತ್ತು.

ತೆರೆಯ ಮೇಲೆ ಕಾಣುತ್ತಿದ್ದದ್ದು ಇದೇ ಕೋಣೆ, ದೂರದ ನೆಂಟರಿಗೆಂದು ಆ ದಿನ ನೇರಪ್ರಸಾರ ಮಾಡಿ ಉಳಿಸಿಕೊಂಡಿದ್ದ ವಿಡಿಯೋ. ನೆಲದ ಮೇಲೆ ಉದ್ದಕ್ಕೆ ಹಾಸಿದ ಊಟದ ಬಟ್ಟೆ, ಅದರ ಮೇಲೆ ರೊಟ್ಟಿ, ಒಣಹಣ್ಣು, ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು ಬೊರ್ಸೋಕ್. ಎರಡೂ ಬದಿಗೆ ನೆಂಟರು. ಬಾಗಿಲಿಗೆದುರಾದ ಗೌರವದ ಜಾಗದಲ್ಲಿ ಬಿಳಿಗಡ್ಡದ ಹಿರಿಯ ಸಾತಿಬಾಲ್ದಿ. ಅವರ ಅಂಗೈಗಳು ಮೇಲೇಳುವುದರಲ್ಲಿದ್ದವು. ಅಷ್ಟರಲ್ಲಿ ಚಿತ್ರ ಕಲ್ಲಾಗಿತ್ತು.

ಇನ್ನು ಸ್ವಲ್ಪ ಹೊತ್ತು ಚಕ್ರ ಸುತ್ತುತ್ತದೆ. ಆಮೇಲೆ ಚಿತ್ರ ಒಮ್ಮೆಲೇ ಮುಂದಕ್ಕೆ ಹಾರಿಬಿಡುತ್ತದೆ. ಹಾರಿದ ಮೇಲೆ ನೋಡಿದರೆ ಮಾಂಸದ ತಟ್ಟೆಗಳು ಬಂದಿರುತ್ತವೆ, ತಿನಾರ್ ಕೂತಿದ್ದ ಜಾಗ ಬರಿದಾಗಿರುತ್ತದೆ.

ತಿನಾರ್ ಉರ್ಕುಯಾಳ ಹಿರಿಯ ಮಗ. ಅಪ್ಪ ಸತ್ತ ನಲವತ್ತನೇ ದಿನದ ಊಟದ ನಡುವೆ ಎದ್ದು ಹೊರಗೆ ಹೋದವನು ಕೊಟ್ಟಿಗೆಯ ಹಿಂದಿನ ಕಾಲುವೆಯಲ್ಲಿ ತಲೆ ಒಡೆದು ಬಿದ್ದಿದ್ದ. ಹೆಣವನ್ನು ಮೊದಲು ಕಂಡವಳು ಅವನ ಹೆಂಡತಿ ಬೆಗಾಯಿಮ್. ಅವಳ ತೋಳಿಗೆಲ್ಲ ರಕ್ತ ಮೆತ್ತಿತ್ತು, ಬೆಳಿಗ್ಗೆ ಗಂಡ ಹೆಂಡತಿ ಜಗಳವಾಡಿದ್ದನ್ನು ಹತ್ತು ಹೆಂಗಸರು ಕೇಳಿಸಿಕೊಂಡಿದ್ದರು. ಜಿಲ್ಲಾ ಠಾಣೆಗೆ ಅಷ್ಟು ಸಾಕಾಯಿತು. ಅವಳೀಗ ಲಾಕಪ್ಪಿನಲ್ಲಿದ್ದಳು.

ನಾಳೆ ಬೆಳಿಗ್ಗೆ ವ್ಯಾನು ಅವಳನ್ನು ರಾಜಧಾನಿ ಬಿಷ್ಕೆಕ್‌ಗೆ ಒಯ್ಯುತ್ತದೆ. ಒಮ್ಮೆ ಅವಳು ಘಟ್ಟ ದಾಟಿದಳೆಂದರೆ ಕೇಸು ಮೆದೆರ್‌ನ ಕೈ ಬಿಟ್ಟಂತೆ. ಅವಳು ನಿರಪರಾಧಿ ಎಂದು ಅವನ ಒಳಮನಸ್ಸು ಹೇಳುತ್ತಿತ್ತು. ಒಳಮನಸ್ಸಿನ ಮಾತನ್ನು ಕೋರ್ಟಿನಲ್ಲಿ ಯಾರೂ ಕೇಳುವುದಿಲ್ಲ.

ಅಷ್ಟರಲ್ಲಿ ಮುದುಕಿಯೇ ಹೇಳಿ ಕಳಿಸಿದ್ದಳು. ಕೊಲೆಯ ವಿಷಯಕ್ಕಲ್ಲ, ಕಂಪ್ಯೂಟರ್ ನೋಡಿಕೊಡು ಎಂದು. ಠಾಣೆಯಲ್ಲಿ ಯಾವ ಯಂತ್ರ ಮುನಿಸಿಕೊಂಡರೂ ಮೆದೆರ್‌ನನ್ನೇ ಕರೆಯುತ್ತಾರೆಂಬುದು ಇಡೀ ಕಣಿವೆಗೆ ಗೊತ್ತಿತ್ತು. ಕೇಳಿ ಮೇಲಧಿಕಾರಿ ಹೊಟ್ಟೆ ಹಿಡಿದು ನಕ್ಕಿದ್ದ. ಹೋಗಪ್ಪ, ಅದಾದರೂ ನಿನ್ನ ಕೈಲಿ ಆಗುತ್ತೇನೋ ನೋಡು ಎಂದಿದ್ದ.

ಉರ್ಕುಯಾ ಮೆದೆರ್‌ನ ಬಟ್ಟಲಿಗೆ ಚಹಾ ಬಗ್ಗಿಸಿದಳು. ಅರ್ಧಕ್ಕೂ ಕಡಿಮೆ. ಇರಲಿ ಎನಿಸುವ ಅತಿಥಿಗೆ ಹಾಗೆಯೇ ಕೊಡುವುದು. ಖಾಲಿಯಾದಂತೆಲ್ಲ ಕೊಡುತ್ತಾ ಹೋದರೆ ಅವನೂ ಕೂತೇ ಇರುತ್ತಾನೆ. ಹೋದ ವಾರ ಇದೇ ಮೇಲಧಿಕಾರಿ ಬಂದಾಗ ಅವಳು ಬಟ್ಟಲನ್ನು ಅಂಚಿನವರೆಗೂ ತುಂಬಿಸಿ ಮುಂದಿಟ್ಟಿದ್ದಳಂತೆ. ಪುಣ್ಯಾತ್ಮ ಅದನ್ನು ನೋಡಿದವನೇ ಟೋಪಿ ಹುಡುಕಿಕೊಂಡು ಎದ್ದನಂತೆ. ಊರು ಇನ್ನೂ ಅದನ್ನು ಹೇಳಿಕೊಂಡು ನಗುತ್ತಿತ್ತು.

“ನಿಮಗೆ ಯಾವುದು ನೋಡ್ಬೇಕಮ್ಮಾ? ಸರಿಯಾಗಿ ಹೇಳಿ,” ಎಂದ ಮೆದೆರ್.

“ನನ್ನ ಮಗ ಬಾಗಿಲ ಹತ್ರ ಹೋಗಿ ತಿರುಗಿ ನೋಡಿದ್ನಂತೆ. ಇಸ್ತಾಂಬುಲ್‌ನಲ್ಲಿರೋ ನನ್ನ ತಂಗಿ ಕಂಡಳಂತೆ. ಯಾರನ್ನ ನೋಡಿದ, ಯಾವ ಮುಖದಲ್ಲಿ ನೋಡಿದ, ಅದು ಬೇಕು ನಂಗೆ.”

“ನೀವು ಇಲ್ಲೇ ಇದ್ರಲ್ಲ?”

“ಇಲ್ಲೇ ಇದ್ದೆ. ಸಮೋವರ್ ಬಿಟ್ಟು ಏಳಲೇ ಇಲ್ಲ. ಬಗ್ಗಿಕೊಂಡು ಚಹಾ ಹಾಕ್ತಿದ್ದೆ. ನೋಡಲಿಲ್ಲ ಕಣಪ್ಪ.”

ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲೂ ಅವಳು ಇದನ್ನೇ ಹೇಳಿದ್ದಳು. ಮೆದೆರ್ ತಲೆಯಾಡಿಸಿ ಮತ್ತೆ ಮೇಜಿನ ಕೆಳಗೆ ನುಸುಳಿದ.

ಕೇಸಾಗಲಿ ಕಂಪ್ಯೂಟರಾಗಲಿ ಅವನ ಪದ್ಧತಿ ಒಂದೇ. ಎಲ್ಲರ ಮೇಲೂ ಒಟ್ಟಿಗೆ ಅನುಮಾನ ಪಡಬಾರದು. ಒಬ್ಬೊಬ್ಬರನ್ನಾಗಿ ಕರೆಯಬೇಕು, ಮಾತಾಡಿಸಬೇಕು, ತಪ್ಪಿಲ್ಲದಿದ್ದರೆ ಮನೆಗೆ ಕಳಿಸಬೇಕು. ಮೇಲಧಿಕಾರಿಗೆ ಈ ತಾಳ್ಮೆ ಇಲ್ಲ. ಮೊದಲು ಕೈಗೆ ಸಿಕ್ಕವರನ್ನು ಹಿಡಿದು ಒಳಗೆ ಹಾಕುತ್ತಾನೆ.

ಮೊದಲ ಅನುಮಾನ ಇಂಟರ್‌ನೆಟ್ ಲೈನಿನ ಮೇಲೆ. ಊರಿನವರೆಲ್ಲ ಬೆರಳು ತೋರಿಸುವುದು ಅದಕ್ಕೇ. ಟವರು ಗುಡ್ಡದ ಹಿಂದಿದೆ, ಹಿಮ ಬಿದ್ದರೆ ಲೈನು ಸಾಯುತ್ತದೆ ಎಂದು. ಮೆದೆರ್ ಬೇರೊಂದು ವಿಡಿಯೋ ಹಾಕಿದ. ಕುದುರೆ ಸವಾರರು ಆಡಿನ ಮುಂಡಕ್ಕಾಗಿ ಕಿತ್ತಾಡುವ ಆಟ. ಅತ್ಯಂತ ಸ್ಪಷ್ಟ ಚಿತ್ರವನ್ನೇ ಆರಿಸಿದ. ಕುದುರೆಗಳು ಒಂದು ಕ್ಷಣವೂ ತಡವರಿಸದೆ ಓಡಿದವು. ಲೈನಿನ ತಪ್ಪಿರಲಿಲ್ಲ.

ಎರಡನೆಯದು ವೈಫೈ ಪೆಟ್ಟಿಗೆ. ಅದನ್ನು ಯಾರೋ ಹಾಸಿಗೆಗಳ ರಾಶಿಯ ಮೇಲಿಟ್ಟು, ಚೆಂದ ಕಾಣಲೆಂದು ಮೇಲೆ ಕಸೂತಿಯ ಬಟ್ಟೆ ಹೊದೆಸಿದ್ದರು. ಬಟ್ಟೆ ತೆಗೆದ. ಸಾಲದ್ದಕ್ಕೆ ಪೆಟ್ಟಿಗೆಯಿಂದ ಕಂಪ್ಯೂಟರಿಗೆ ನೇರವಾಗಿ ತಂತಿಯನ್ನೇ ಎಳೆದ. ವಿಡಿಯೋ ಅಲ್ಲೇ ನಿಂತಿತು, ಹಿರಿಯರ ಅಂಗೈ ಏಳುವಲ್ಲಿ.

ಬ್ರೌಸರ್ ಬದಲಾಯಿಸಿದ. ಅದು ಕೂಡಿಟ್ಟುಕೊಂಡಿದ್ದ ಹಳೆಯ ಚೂರುಪಾರನ್ನೆಲ್ಲ ಅಳಿಸಿದ. ಕಂಪ್ಯೂಟರನ್ನು ಪೂರ್ತಿ ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹಚ್ಚಿದ. ಚಿತ್ರದ ಗುಣಮಟ್ಟ ತಗ್ಗಿಸಿ ನೋಡಿದ. ಏನು ಮಾಡಿದರೂ ಅದೇ ಜಾಗ, ಅದೇ ಚಕ್ರ. ತನ್ನ ಫೋನಿನಲ್ಲಿ ನೋಡೋಣವೆಂದರೆ ಅದು ಗುಂಡಿ ಒತ್ತುವ ಹಳೆಯ ಫೋನು. ಇಲಾಖೆ ಕೊಟ್ಟದ್ದು, ಕುರಿ ಕಾಯುವವರು ಕೂಡ ಬಿಟ್ಟಿದ್ದು.

“ಈ ವಿಡಿಯೋ ಬೇರೆ ಯಾರ ಹತ್ರಾನೂ ಇಲ್ವಾ?” ಎಂದು ಕೇಳಿದ.

ಮೊದಲು ನೆಂಟರೆಲ್ಲರಿಗೂ ಕಾಣುತ್ತಿತ್ತಂತೆ. ಕಿರಿಯ ಮಗ ಕೆನೆಶ್ ಮಾಸ್ಕೋದಿಂದ ಬಂದವನೇ ಎಲ್ಲರಿಗೂ ಕಾಣದಂತೆ ಮುಚ್ಚಿಸಿದನಂತೆ. ಸತ್ತವನ ಮುಖವನ್ನು ಕಂಡಕಂಡವರು ನೋಡುವುದು ಬೇಡ ಎಂದನಂತೆ. ಪೂರ್ತಿ ಅಳಿಸಿಬಿಡೋಣ, ನೋಡಿ ನೋಡಿ ನೀನು ಕೊರಗುತ್ತೀಯ ಎಂದೂ ಹೇಳಿದನಂತೆ. ಅಳಿಸಲು ಬೇಕಾದ ಪಾಸ್‌ವರ್ಡ್ ಮಾತ್ರ ಉರ್ಕುಯಾ ಯಾರಿಗೂ ಕೊಟ್ಟಿರಲಿಲ್ಲ.

ಹೇಳುತ್ತಾ ಅವಳು ಬೊರ್ಸೋಕ್‌ಗಳನ್ನು ಒಂದು ಬಿಳಿ ಬಟ್ಟೆಯಲ್ಲಿ ಕಟ್ಟುತ್ತಿದ್ದಳು. ಯಾರಿಗೆ ಎಂದು ಮೆದೆರ್ ಕೇಳಿದ. ಬೆಗಾಯಿಮ್‌ಗೆ ಎಂದಳು, ಗಂಟಿನ ಮೇಲಿಂದ ಕಣ್ಣೆತ್ತದೆ. ಸೊಸೆಯ ಬಗ್ಗೆ ಅವಳು ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ, ಕೆಟ್ಟ ಮಾತನ್ನೂ ಆಡಿರಲಿಲ್ಲ. ಇದೇ ಮೊದಲ ಸಲ ಅವಳಿಗೆ ಏನನ್ನಾದರೂ ಕಳಿಸುತ್ತಿದ್ದಳು.

ಮೆದೆರ್ ವಿಡಿಯೋವನ್ನು ಮತ್ತೊಮ್ಮೆ ಹಿಂದಕ್ಕೆ ತಂದ. ಈ ಸಲ ಸ್ಪೀಕರ್ ಹಚ್ಚಿದ. ಇಷ್ಟು ದಿನ ಉರ್ಕುಯಾ ದನಿ ಆರಿಸಿಯೇ ನೋಡುತ್ತಿದ್ದಳು, ಮಗನ ಮಾತು ಕೇಳಿಸಿಕೊಳ್ಳುವ ಎದೆ ಅವಳಿಗಿರಲಿಲ್ಲ.

ಚಿತ್ರ ನಿಂತಿತು. ಆದರೆ ಸಾತಿಬಾಲ್ದಿಯ ದನಿ ಅದರ ಜೊತೆಗೆ ನಿಲ್ಲಲಿಲ್ಲ. ಕಲ್ಲಾದ ತುಟಿಗಳ ಹಿಂದಿನಿಂದ ಇನ್ನೂ ನಾಲ್ಕು ಮಾತು ಹೊರಬಂದು ಆಮೇಲೆ ಕಡಿದುಹೋಯಿತು.

ಮೆದೆರ್ ಮೊದಲ ಸಲ ಮುಗುಳ್ನಕ್ಕ. ಅಂದರೆ ಸರಕು ಮನೆಯವರೆಗೂ ಬಂದು ಬೀಳುತ್ತಿದೆ, ಒಳಗೆ ಅಡುಗೆಯವನು ಕೈ ಎತ್ತಿದ್ದಾನೆ. ಕಂಪ್ಯೂಟರಿನೊಳಗೆ ಚಿತ್ರ ಬಿಡಿಸುವ ಓಬೀರಾಯನ ಕಾಲದ ಗ್ರಾಫಿಕ್ಸ್ ಕಾರ್ಡೇ ಕಳ್ಳ. ಆ ದಿನ ಹಿಮ ಶುರುವಾಗಿ ಲೈನು ಕುಗ್ಗಿದಾಗ ಪ್ರಸಾರ ತನ್ನ ಚಿತ್ರದ ಅಳತೆಯನ್ನು ನಡುವೆಯೇ ಬದಲಾಯಿಸಿಕೊಂಡಿದೆ. ಅಳತೆ ಬದಲಾದ ಜಾಗದಲ್ಲಿ ಕಾರ್ಡು ದಿಕ್ಕು ತಪ್ಪಿ ನಿಲ್ಲುತ್ತಿದೆ.

ಬ್ರೌಸರಿನ ಸೆಟ್ಟಿಂಗಿಗೆ ಹೋಗಿ ಆ ಕಾರ್ಡಿನ ನೆರವು ಬೇಡವೆಂದು ಗುರುತು ತೆಗೆದ. ಇನ್ನು ಎಲ್ಲ ಕೆಲಸವನ್ನೂ ಕಂಪ್ಯೂಟರಿನ ಮುಖ್ಯ ಮಿದುಳೇ ಮಾಡಿಕೊಳ್ಳಬೇಕು. ಬ್ರೌಸರ್ ಮುಚ್ಚಿ ತೆರೆದ. ಪೆಟ್ಟಿಗೆಯೊಳಗಿನ ಫ್ಯಾನು ಗುರುಗುಟ್ಟತೊಡಗಿತು.

ಹಿರಿಯರ ಅಂಗೈಗಳು ಎದ್ದವು. ಚಕ್ರ ಬರಲಿಲ್ಲ.

ಉರ್ಕುಯಾ ಬಟ್ಟೆಯ ಗಂಟನ್ನು ಕೆಳಗಿಟ್ಟಳು.

ಸಾತಿಬಾಲ್ದಿ ಬತಾ ಕೊಡುತ್ತಿದ್ದರು. ಹಿರಿಯರ ಆ ಹಾರೈಕೆ ಸಾಮಾನ್ಯವಾಗಿ ಮಾಂಸ ತಿಂದು ಮುಗಿದ ಮೇಲೆ, ಎಲ್ಲರೂ ಏಳುವ ಮುಂಚೆ. ಆ ದಿನ ಕಣಿವೆಯಾಚೆ ಹಿಮ ಶುರುವಾಗಿದೆಯೆಂದು ಯಾರೋ ಬಂದು ಹೇಳಿದ್ದರಿಂದ, ತಾನು ಬೆಳಕಿರುವಾಗಲೇ ಘಟ್ಟ ದಾಟಬೇಕೆಂದು ಮುದುಕ ಊಟಕ್ಕೆ ಮುಂಚೆಯೇ ಶುರುಮಾಡಿಬಿಟ್ಟಿದ್ದರು.

ಕೋಣೆಯಲ್ಲಿದ್ದವರೆಲ್ಲ ಅಂಗೈ ತೆರೆದು ಎದೆಯ ಮಟ್ಟಕ್ಕೆ ಎತ್ತಿದರು. ಚಮಚ ಹಿಡಿದವರು ಚಮಚ ಇಟ್ಟರು. ಬಾಯಲ್ಲಿ ರೊಟ್ಟಿ ಇದ್ದವರು ಅಗಿಯುವುದು ನಿಲ್ಲಿಸಿದರು.

ತೆರೆಯ ಬಲಗಡೆ ದೂರದ ನೆಂಟರ ಮೂರು ಪುಟ್ಟ ಚೌಕಗಳಿದ್ದವು. ಇಸ್ತಾಂಬುಲ್‌ನ ತಂಗಿಯ ಕೈಗಳು ಒಂದು ಉಸಿರಿನಷ್ಟು ತಡವಾಗಿ ಎದ್ದವು. ನೊವೊಸಿಬಿರ್ಸ್ಕ್‌ನ ಸೋದರಳಿಯ ಲಾರಿಯ ಸ್ಟೀರಿಂಗಿನಿಂದ ಕೈ ತೆಗೆದು ಎತ್ತಿದ.

ಮೂರನೆಯ ಚೌಕದಲ್ಲಿ ಮಾಸ್ಕೋದ ಕೆನೆಶ್ ಚಹಾ ಕುಡಿಯುತ್ತಿದ್ದ.

ಮೆದೆರ್ ಮುಂದಕ್ಕೆ ಬಾಗಿದ. ಅಲ್ಲಿ ಚಿತ್ರ ನಿಂತಿರಬೇಕು ಎಂದುಕೊಂಡ. ಆ ದಿನ ಕೋಣೆಯಲ್ಲಿದ್ದವರು ಯಾರಾದರೂ ಗಮನಿಸಿದ್ದರೂ ಹಾಗೆಯೇ ಅಂದುಕೊಂಡು ಸುಮ್ಮನಾಗಿರಬೇಕು. ಆದರೆ ಚಿತ್ರ ನಿಂತಿರಲಿಲ್ಲ. ಕೆನೆಶ್ ಕಣ್ಣು ಮಿಟುಕಿಸಿದ, ಬಟ್ಟಲು ಇಳಿಸಿದ, ಮೀಸೆ ಒರೆಸಿಕೊಂಡ. ಸ್ವಂತ ಅಪ್ಪನ ನಲವತ್ತನೇ ದಿನ, ಊರ ಹಿರಿಯ ಕೈಯೆತ್ತಿ ಹರಸುತ್ತಿರುವಾಗ, ಅವನು ಯಾವುದೋ ನೆನಪಾದವನಂತೆ ಒಬ್ಬನೇ ಸಣ್ಣಗೆ ನಕ್ಕ.

ಮೆದೆರ್ ತನ್ನ ಕೆಲಸದಲ್ಲಿ ಕುಡುಕರನ್ನು ಕಂಡಿದ್ದ, ದೇವರನ್ನು ನಂಬದವರನ್ನು ಕಂಡಿದ್ದ, ಕೊಲೆಗಾರರ ಜೊತೆ ಕೂತು ಉಂಡಿದ್ದ. ಬತಾ ಕೊಡುವಾಗ ಕೈ ಎತ್ತದವನನ್ನು ಮಾತ್ರ ಕಂಡಿರಲಿಲ್ಲ. ಅದು ಭಕ್ತಿಯ ಮಾತಲ್ಲ, ಎದುರಿನವರ ಕೈ ಎದ್ದರೆ ತನ್ನದೂ ತಾನಾಗಿ ಏಳುತ್ತದೆ. ಏಳಲಿಲ್ಲವೆಂದರೆ ಅವನು ನೋಡುತ್ತಿಲ್ಲ, ಕೇಳುತ್ತಿಲ್ಲ. ಅಂದರೆ ಅವನು ಅಲ್ಲಿಲ್ಲ.

“ಓಮಿನ್,” ಎಂದು ಹಾರೈಕೆ ಮುಗಿಸಿ ಕೋಣೆಯೆಲ್ಲ ಮುಖ ಸವರಿಕೊಂಡಿತು. ಆಗ ತಿನಾರ್ ಎದ್ದ.

ಉರ್ಕುಯಾ ತೆರೆಯ ಹತ್ತಿರಕ್ಕೆ ಜರುಗಿದಳು.

ತಿನಾರ್ ಹಾಸಿನ ಅಂಚಿನಲ್ಲಿ ನಡೆದು ಬಾಗಿಲಿಗೆ ಹೋದ. ಚೌಕಟ್ಟಿನಲ್ಲಿ ನಿಂತು ತಿರುಗಿದ. ಅವನು ನೆಂಟರನ್ನು ನೋಡಲಿಲ್ಲ, ಹಿರಿಯರನ್ನು ನೋಡಲಿಲ್ಲ. ನೆಟ್ಟಗೆ ತೆರೆಯಾಚೆಗೆ, ಈಗ ನೋಡುತ್ತಿರುವ ಇವರಿಬ್ಬರ ಮುಖಕ್ಕೇ ನೋಡಿದ. ಮೆದೆರ್ ಅಲ್ಲಿಗೇ ವಿಡಿಯೋ ನಿಲ್ಲಿಸಿದ.

“ಯಾರನ್ನ ನೋಡ್ತಿದಾನೆ?” ಎಂದಳು ಉರ್ಕುಯಾ.

ಮೆದೆರ್ ಕಂಪ್ಯೂಟರಿನ ನೆತ್ತಿಗೆ ಸಿಕ್ಕಿಸಿದ್ದ ಪುಟ್ಟ ಕ್ಯಾಮೆರಾವನ್ನು ನೋಡಿದ. ಅದರ ಕೆಳಗೇ ತೆರೆ. ತೆರೆಯಲ್ಲಿ ಆ ದಿನ ಆ ಮೂರು ಚೌಕಗಳು.

“ನಿಮ್ಮ ಕಿರಿ ಮಗನ್ನ,” ಎಂದ. ಏಳದ ಆ ಕೈಗಳನ್ನು ಆ ದಿನ ಕಂಡು ಅರ್ಥಮಾಡಿಕೊಂಡವನು ಇಡೀ ಕೋಣೆಯಲ್ಲಿ ತಿನಾರ್ ಒಬ್ಬನೇ.

ಆ ಮುಖದಲ್ಲಿ ಸಿಟ್ಟಿತ್ತು. ಸಿಟ್ಟಿಗಿಂತ ಹೆಚ್ಚಾಗಿ ನೋವಿತ್ತು. ಉರ್ಕುಯಾ ಬೆರಳ ತುದಿಯಿಂದ ತೆರೆಯನ್ನು ಮುಟ್ಟಿ, ಬಿಸಿ ತಾಗಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು.

ಹೊರಗೆ ಬಾಗಿಲಲ್ಲಿ ಬೂಟು ಬಿಚ್ಚುವ ಸದ್ದಾಯಿತು. ಕೆನೆಶ್ ಕಲ್ಲಿದ್ದಲ ಬಕೆಟ್ಟು ಹಿಡಿದು ಒಳಗೆ ಬಂದ. ಗಟ್ಟಿಮುಟ್ಟಾದ ಆಳು, ನಗುಮುಖ. ಅಣ್ಣನ ಮಣ್ಣಿನ ದಿನ ಎಲ್ಲರಿಗಿಂತ ಜೋರಾಗಿ ಅತ್ತವನು ಅವನೇ. ಸಾವಿನ ಸುದ್ದಿ ತಿಳಿದ ಕೂಡಲೇ ಕಜಕಿಸ್ತಾನದ ಮೇಲಿಂದ ಬಾಡಿಗೆ ಕಾರುಗಳನ್ನು ಬದಲಾಯಿಸುತ್ತಾ ಬಂದೆ ಎಂದು ಹೇಳಿದ್ದ, ಎಲ್ಲರೂ ನಂಬಿದ್ದರು.

“ಇನ್ನೂ ಮುಗೀಲಿಲ್ವಾ ಮೆದೆರಣ್ಣ? ಠಾಣೇಲಿ ಕೆಲಸ ಕಮ್ಮಿ ಅಂತ ಕಾಣುತ್ತೆ.”

“ಈಗ ಶುರುವಾಯ್ತು ನೋಡು. ಬಾ, ಕೂತ್ಕೋ.”

ಕೆನೆಶ್ ಒಲೆಗೆ ಎರಡು ಸಲಿಕೆ ಕಲ್ಲಿದ್ದಲು ಹಾಕಿ, ಕೈ ಒರೆಸಿಕೊಂಡು ಕೂತ. ತೆರೆಯಲ್ಲಿ ನಿಂತಿದ್ದ ಅಣ್ಣನ ಮುಖ ಕಂಡದ್ದೇ ಅವನ ನಗು ತುಸು ಮಾಸಿತು. ಮೆದೆರ್ ಅವಸರ ಮಾಡಲಿಲ್ಲ. ವಿಡಿಯೋವನ್ನು ಹಿಂದಕ್ಕೆ ತಂದು ಬತಾದ ಭಾಗವನ್ನು ಮತ್ತೆ ಹಾಕಿದ, ಮೂರನೆಯ ಚೌಕಕ್ಕೆ ಬೆರಳಿಟ್ಟ.

“ನಿಮ್ಮಪ್ಪನ ಹೆಸರಲ್ಲಿ ಬತಾ ಕೊಡ್ತಿದಾರೆ. ನೀನು ಚಹಾ ಕುಡೀತಿದೀಯ.”

“ಚಿತ್ರ ನಿಂತಿರ್ಬೇಕು.”

“ನಿಂತ ಚಿತ್ರ ಮೀಸೆ ಒರೆಸ್ಕೊಳಲ್ಲ ಕಣೋ.”

ಕೆನೆಶ್ ಹೆಗಲು ಕುಣಿಸಿದ. “ಹಂಗಾದ್ರೆ ಲೈನು. ನಾನು ಇಲ್ಲಿಗೆ ಕಾಣಿಸ್ತಿದ್ದೆ, ಇಲ್ಲಿಂದ ನಂಗೆ ಏನೂ ಬರ್ತಿರಲಿಲ್ಲ. ಒಂದು ಕಡೆ ಬರುತ್ತೆ, ಇನ್ನೊಂದು ಕಡೆ ಸಾಯುತ್ತೆ. ಇಷ್ಟೆಲ್ಲ ತಂತಿ ಎಳೆದಿದೀರ, ಅಷ್ಟು ಗೊತ್ತಿಲ್ವಾ?”

ಉತ್ತರ ಚೆನ್ನಾಗಿತ್ತು. ಹಾಗೆ ಆಗುವುದುಂಟು, ಮೆದೆರ್‌ನೇ ಎಷ್ಟೋ ಸಲ ಕಂಡಿದ್ದ. ನಾಳೆ ವಕೀಲನೊಬ್ಬ ಇದೇ ಮಾತು ಹೇಳಿದರೆ ಕೋರ್ಟು ತಲೆಯಾಡಿಸುತ್ತದೆ, ಬೆಗಾಯಿಮ್ ಒಳಗೇ ಉಳಿಯುತ್ತಾಳೆ.

“ಯಾವಾಗಿಂದ ಬರ್ತಿರಲಿಲ್ಲ?” ಎಂದು ಸಾದಾ ದನಿಯಲ್ಲಿ ಕೇಳಿದ.

“ಶುರುವಿಂದಾನೂ. ತೆರೆ ಕಪ್ಪಗಿತ್ತು. ನೀವೆಲ್ಲ ನನ್ನ ನೋಡ್ತಿದೀರಲ್ಲ, ಎದ್ದು ಹೋದ್ರೆ ಚೆನ್ನಾಗಿರಲ್ಲ ಅಂತ ಕೂತಿದ್ದೆ.”

“ಪಾಪ,” ಎಂದ ಮೆದೆರ್. ವಿಡಿಯೋವನ್ನು ಇನ್ನೂ ಹಿಂದಕ್ಕೆ, ನೆಂಟರು ಬಂದು ಕೂರುತ್ತಿದ್ದ ಹೊತ್ತಿಗೆ ಒಯ್ದ.

ತೆರೆಯಲ್ಲಿ ಉರ್ಕುಯಾ ಸಮೋವರ್ ಪಕ್ಕದ ದಿಂಬಿನ ಮೇಲೆ ಕೂತು ಕ್ಯಾಮೆರಾದ ಕಡೆ ತಿರುಗಿದಳು. ಊಟ ಆಯಿತಾ ಮಗಾ, ಅಲ್ಲಿ ಹಿಮ ಬಿದ್ದಿದೆಯಾ ಎಂದು ಕೇಳಿದಳು. ಊಟ ಆಯಿತಮ್ಮಾ, ಹಿಮ ಇಲ್ಲ, ಬರೀ ಕೆಸರು ಎಂದ ಚೌಕದ ಕೆನೆಶ್.

“ಏನೂ ಕೇಳಿಸ್ತಿರಲಿಲ್ಲ ಅಂದೆ. ಇದಕ್ಕೆ ಹೆಂಗೆ ಉತ್ತರ ಕೊಟ್ಟೆ?”

ಕೆನೆಶ್ ಮಸಿ ಹತ್ತಿದ ಕೈಯನ್ನು ಮತ್ತೆ ಒರೆಸಿಕೊಂಡ.

ಮೆದೆರ್ ಆ ತುಣುಕನ್ನು ಮತ್ತೊಮ್ಮೆ ಹಾಕಿದ. ಇಸ್ತಾಂಬುಲ್‌ನವಳ ಒಂದೊಂದು ಮಾತೂ ತಡವಾಗಿ ಬರುತ್ತಿತ್ತು. ಕೆನೆಶ್‌ನ ಉತ್ತರಕ್ಕೆ ಆ ತಡವೇ ಇರಲಿಲ್ಲ. ಹಿಮ ಬಿದ್ದಿದೆಯಾ ಎಂದು ತಾಯಿ ಕೇಳಿ ಮುಗಿಸುವ ಮೊದಲೇ ಹಿಮ ಇಲ್ಲ ಎಂಬ ಉತ್ತರ ಬಂದುಬಿಟ್ಟಿತ್ತು. ಬೇರೆ ನೆಂಟರು ಏನಾದರೂ ಕೇಳಿದರೆ ಚೌಕದವನು ಸುಮ್ಮನೆ ನಗುತ್ತಿದ್ದ. ಅವನು ಉತ್ತರ ಕೊಟ್ಟದ್ದು ತಾಯಿಯ ಪ್ರಶ್ನೆಗಳಿಗೆ ಮಾತ್ರ.

ಚೌಕದಲ್ಲಿದ್ದದ್ದು ಕೆನೆಶ್ ಅಲ್ಲ, ಮೊದಲೇ ತೆಗೆದಿಟ್ಟ ವಿಡಿಯೋ. ಅಂಥ ವಿಡಿಯೋಗೆ ಯಾರು ಯಾವಾಗ ಏನು ಕೇಳುತ್ತಾರೆಂದು ಗೊತ್ತಿರುವುದಿಲ್ಲ. ಕೇಳುವವರಿಗೆ ಗೊತ್ತಿದ್ದರೆ ಮಾತ್ರ ಹೀಗಾಗುತ್ತದೆ.

ಮೆದೆರ್ ನಿಧಾನವಾಗಿ ಮುದುಕಿಯ ಕಡೆ ತಿರುಗಿದ. ಮಗನಿಗೆಂದು ಬೀಸಿದ ಬಲೆ ತಾಯಿಯ ಮೇಲೂ ಬಿದ್ದಿತ್ತು. ಬೆಳಿಗ್ಗೆಯಿಂದ ಅವಳ ಕೈಯಿಂದಲೇ ಚಹಾ ಕುಡಿದಿದ್ದ.

“ಅಮ್ಮಾ, ಇದನ್ನ ಎಲ್ಲಿ ತೆಗೆದ್ರಿ?”

“ಅಮ್ಮಾ, ಸುಮ್ನಿರು,” ಎಂದ ಕೆನೆಶ್.

ಉರ್ಕುಯಾ ಸುಮ್ಮನಿರಲಿಲ್ಲ. ಒಂದೇ ದನಿಯಲ್ಲಿ, ಬೇರೆಯವರ ಮನೆಯ ಕತೆ ಹೇಳುವಂತೆ ಹೇಳತೊಡಗಿದಳು. ಕೆನೆಶ್‌ನನ್ನು ಮಾಸ್ಕೋದಿಂದ ಹೊರಗೆ ಹಾಕಿದ್ದರು. ಅಪ್ಪ ಸತ್ತಾಗ ಅಲ್ಲೇ ಪೊಲೀಸರ ವಶದಲ್ಲಿದ್ದವನಿಗೆ ಹೆಣಕ್ಕೆ ಹೆಗಲು ಕೊಡಲು ಬರಲಾಗಲಿಲ್ಲ. ಮಣ್ಣಾದ ಮೇಲೆ ಕದ್ದು ಬಂದ. ಅಪ್ಪನ ಗುಂಡಿಗೆ ಒಂದು ಹಿಡಿ ಮಣ್ಣು ಹಾಕದವನು ನನ್ನ ತಮ್ಮನೇ ಅಲ್ಲ ಎಂದು ತಿನಾರ್ ಮಣ್ಣಿನ ದಿನವೇ ಗೋರಿಯ ಹತ್ತಿರ ನಾಲ್ಕು ಜನರೆದುರು ಹೇಳಿಬಿಟ್ಟಿದ್ದ. ಈಗ ಎದುರು ಬಂದರೆ ಅಣ್ಣ ತಮ್ಮಂದಿರು ಹೊಡೆದಾಡಿಕೊಳ್ಳುತ್ತಾರೆ, ನೆಂಟರ ಮುಂದೆ ಮಾನ ಹೋಗುತ್ತದೆ. ಅದಕ್ಕೇ ಅವಳು ಕಿರಿಯನನ್ನು ಹಿತ್ತಲ ಉಗ್ರಾಣದಲ್ಲಿ ಬಚ್ಚಿಟ್ಟಳು. ಕಿಟಕಿಯೂ ಇಲ್ಲದ ಕೋಣೆ ಅದು.

ನಲವತ್ತನೇ ದಿನ ಅವನು ತೆರೆಯ ಮೇಲಾದರೂ ಕಾಣದಿದ್ದರೆ ಜನ ಏನೆಂದಾರು? ಉಗ್ರಾಣದಿಂದಲೇ ನೇರವಾಗಿ ಮಾತಾಡಿದರೆ ಇಲ್ಲಿನ ಗದ್ದಲ ಗೋಡೆ ದಾಟಿ ಎರಡೆರಡು ಸಲ ಕೇಳಿಸುತ್ತದೆ, ಸಿಕ್ಕಿಬೀಳುತ್ತೇನೆ ಎಂದ ಕೆನೆಶ್. ಹಾಗಾಗಿ ಹಿಂದಿನ ದಿನವೇ ತಾಯಿ ಮಗ ಕೂತು ಪ್ರಶ್ನೆ ಉತ್ತರ ಬಾಯಿಪಾಠ ಮಾಡಿಕೊಂಡು ವಿಡಿಯೋ ತೆಗೆದಿಟ್ಟರು. ಮಾಂಸ ಬರುವ ಹೊತ್ತಿಗೆ ಲೈನು ಕೆಟ್ಟಿತು ಎಂದು ಅದು ತಾನಾಗಿ ಮುಗಿಯಬೇಕಿತ್ತು. ಬತಾ ಬರುವುದು ಅದಾದ ಮೇಲೆ ತಾನೇ? ಹಿಮ ಮೊದಲೇ ಬರುತ್ತದೆ, ಸಾತಿಬಾಲ್ದಿ ಮೊದಲೇ ಕೈಯೆತ್ತುತ್ತಾರೆ ಎಂದು ಯಾರು ಎಣಿಸಿದ್ದರು?

“ಮಾನ ಉಳಿಸೋಕೆ ಹೋದೆ. ಮಗ ಹೋದ,” ಎಂದಳು.

“ಬೆಗಾಯಿಮ್ ಒಳಗಿದಾಳೆ, ನಾಳೆ ಬೆಳಿಗ್ಗೆ ಕರ್ಕೊಂಡ್ಹೋಗ್ತಾರೆ. ಇಷ್ಟು ದಿನ ಬಾಯಿ ಬಿಡದೆ ಹೆಂಗಿದ್ರಿ ಅಮ್ಮಾ?”

ಅವಳು ಹೊಸ ಬಟ್ಟಲೊಂದನ್ನು ತೆಗೆದು ಬಟ್ಟೆಯಿಂದ ಒರೆಸಿದಳು. ಹಾಲು ಹಾಕಿದಳು, ಚಹಾ ಬಗ್ಗಿಸಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಬಟ್ಟಲು ತುಂಬಿ ಅಂಚಿಗೆ ಬಂದು, ಒಂದು ಹನಿ ಹೊರಗೂ ಚೆಲ್ಲಿತು.

ಮೆದೆರ್ ಟೋಪಿಗೆ ಕೈ ಹಾಕಿದ. ಎದ್ದು ಹೋಗು ಎಂದು ತನಗೇ ಹೇಳುತ್ತಿದ್ದಾಳೆ ಎಂದುಕೊಂಡ.

ಉರ್ಕುಯಾ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಮೆದೆರ್‌ನನ್ನು ದಾಟಿಸಿ, ಮಗನ ಮುಂದಿಟ್ಟಳು.

ಕೆನೆಶ್ ಆ ತುಂಬಿದ ಬಟ್ಟಲನ್ನು ನೋಡುತ್ತಾ ಕೂತ. ಹುಟ್ಟಿದ ಮನೆಯಲ್ಲಿ, ಹೆತ್ತವಳ ಕೈಯಿಂದ. ಅವನ ಮುಖದ ನಗು ಪೂರ್ತಿ ಇಂಗಿಹೋಗಿತ್ತು. ಅದಿಲ್ಲದ ಆ ಮುಖವನ್ನು ಮೆದೆರ್ ಅದೇ ಮೊದಲು ನೋಡಿದ್ದು.

“ಸರಿ,” ಎಂದ ಕೆನೆಶ್ ಕೊನೆಗೆ. “ನಾನು ಹೋಗ್ತೀನಿ. ಮೆದೆರಣ್ಣ, ನನ್ನ ಕರ್ಕೊಂಡು ಹೋಗೋಕ್ಮುಂಚೆ ಒಂದು ಕೇಳಿ. ಉಗ್ರಾಣದ ಬೀಗ ಹೊರಗಿಂದ ಹಾಕಿತ್ತು. ನೆಂಟರ ಹೆಂಗಸರು ಅತ್ತ ಬಂದ್ಬಿಟ್ಟಾರು ಅಂತ ಅಮ್ಮನೇ ಹಾಕಿದ್ಲು. ಕೀಲಿಕೈ ಅವಳ ಸೊಂಟದಲ್ಲಿತ್ತು. ಕಿಟಕಿ ಇಲ್ಲ ಅಂತ ಈಗ ಅವಳೇ ಹೇಳಿದ್ಲು. ನಾನಾಗಿ ಹೊರಗೆ ಬರೋಕೆ ಆಗ್ತಿತ್ತಾ? ಬಾಗಿಲು ತೆಗೆದೋರು ಯಾರು ಅಂತ ಕೇಳಿ.”

ಅಭ್ಯಾಸಬಲದಿಂದ ಮೆದೆರ್‌ನ ಕೈ ಮೌಸಿಗೆ ಹೋಯಿತು. ವಿಡಿಯೋವನ್ನು ಮುಂದಕ್ಕೆ, ತಿನಾರ್ ಬಾಗಿಲಲ್ಲಿ ತಿರುಗಿ ನಿಂತ ಜಾಗಕ್ಕೆ ತಂದ. ಬೆಳಿಗ್ಗೆಯಿಂದ ಇಬ್ಬರೂ ಆ ಮುಖವೊಂದನ್ನೇ ನೋಡಲು ಹೆಣಗಿದ್ದರು, ಕಂಡಾಗ ಅದನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ.

ತಿನಾರ್‌ನ ಎರಡೂ ಕೈಗಳು ಖಾಲಿಯಾಗಿದ್ದವು, ಕೀಲಿಕೈ ಇರಲಿಲ್ಲ.

ಮೆದೆರ್ ಈಗ ತೆರೆಯ ಮೂಲೆಯನ್ನು ನೋಡಿದ. ಸಮೋವರ್ ಹಬೆಯಾಡುತ್ತಿತ್ತು. ನೆರೆಮನೆಯ ಹೆಂಗಸೊಬ್ಬಳು ಕೈ ಚಾಚಿ ತಾನೇ ನಲ್ಲಿ ತಿರುಗಿಸಿಕೊಂಡು ಚಹಾ ತುಂಬಿಸುತ್ತಿದ್ದಳು. ಅದರ ಪಕ್ಕದ ದಿಂಬಿನ ಮೇಲೆ ಯಾರೂ ಇರಲಿಲ್ಲ. ಹಿರಿಮಗ ಬಾಗಿಲು ದಾಟುವ ಮೊದಲೇ, ಏಳಲೇ ಇಲ್ಲ ಎಂದಿದ್ದ ತಾಯಿ ಸೊಂಟದ ಕೀಲಿಕೈಯೊಂದಿಗೆ ಅಲ್ಲಿಂದ ಎದ್ದು ಹೋಗಿದ್ದಳು.

ಮೆದೆರ್ ಅವಳ ಮುಖ ನೋಡಲಾರದೆ ವಿಡಿಯೋ ನಿಲ್ಲಿಸಿದ.

“ಕಂಪ್ಯೂಟರ್ ಸರಿ ಹೋಯ್ತಲ್ಲ ಮಗಾ,” ಎಂದಳು ಉರ್ಕುಯಾ, ಸೊಸೆಗೆಂದು ಕಟ್ಟಿದ ಗಂಟನ್ನು ಅವನ ಕೈಗಿಡುತ್ತಾ. “ಇನ್ನು ನಿಲ್ಲಿಸಬೇಡ. ಪೂರ್ತಿ ನೋಡು.”